ಸಾಲಿನಲ್ಲಿಟ್ಟ ಚೀಲ

ನನ್ನ ಪರ್ಸಿನ ಒಳಜೇಬಿನಲ್ಲಿ ಮೂಡಿಗೆರೆಯ ಹೊಸ ಮಾರ್ಟಿನ ಬಿಲ್ಲೊಂದಿದೆ. ಒಂದು ಪೊಟ್ಟಣ ರಸ್ಕು, ಎರಡು ಬಟ್ಟೆ ಸೋಪು. ಅಡಿಯಲ್ಲಿ ಸಮಯ ಅಚ್ಚಾಗಿದೆ: ನಾಲ್ಕು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಇಂಥ ಬಿಲ್ಲುಗಳ ಅಕ್ಷರ ಕೆಲವು ತಿಂಗಳಿಗೆ ಮಾಸಿ ಬರಿಯ ಬಿಳಿ ಕಾಗದ ಉಳಿಯುತ್ತದೆ ಎಂದು ಗೊತ್ತಿರುವುದರಿಂದ ಆ ಸಮಯವನ್ನು ಡೈರಿಗೂ ಬರೆದುಕೊಂಡಿದ್ದೇನೆ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳ ಚಟ ಇದು. ಯಾರದೇ ನೆನಪನ್ನು ಸುಮ್ಮನೆ ನಂಬಬೇಡಿ, ಕಾಗದ ಎಲ್ಲಿದೆ ಎಂದು ಕೇಳಿ ಅಂತ ಮಕ್ಕಳಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೆ. ನನ್ನದೇ ನೆನಪಿನ ಬಗ್ಗೆ ಆ ಪ್ರಶ್ನೆ ಕೇಳಿಕೊಳ್ಳಲು ನಿವೃತ್ತಿಯಾಗುವವರೆಗೂ ಪುರುಸೊತ್ತಾಗಲಿಲ್ಲ.

ಈ ಬಿಲ್ಲು ಕೈಗೆ ಸಿಕ್ಕಾಗೆಲ್ಲ ಸಿಟ್ಟು ಬರುತ್ತದೆ. ಎಸೆಯಲು ಮನಸ್ಸಾಗುವುದಿಲ್ಲ. ಕ್ರಮವಾಗಿ ಹೇಳುವಷ್ಟು ಸಮಾಧಾನ ಇನ್ನೂ ಬಂದಿಲ್ಲ, ಸಿಟ್ಟು ಬಂದ ಹಾಗೆ ಹೇಳುತ್ತೇನೆ, ಸಹಿಸಿಕೊಳ್ಳಿ.

ದುಡ್ಡು ಕೊಡುವ ಜಾಗದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೀವೂ ನೋಡಿರುತ್ತೀರಿ. ಕಿವಿಗೊಂದು ಫೋನಿನ ಬಿಳಿ ಗುಂಡಿ ಸಿಕ್ಕಿಸಿಕೊಂಡು ಬರುತ್ತಾರೆ. ಬಿಲ್ ಮಾಡುವ ಹುಡುಗಿ ಕವರ್ ಬೇಕಾ ಎಂದು ಮೂರು ಸಲ ಕೇಳಿದರೂ ಅವಳ ತಲೆಯ ಹಿಂದಿನ ಗೋಡೆಯ ಜೊತೆ ಮಾತಾಡುತ್ತಿರುತ್ತಾರೆ. ಸಾಮಾನೆಲ್ಲ ಹರಡಿ, ಅರ್ಧ ಬಿಲ್ ಆದ ಮೇಲೆ, ಒಂದು ನಿಮಿಷ, ತುಪ್ಪ ಮರೆತೆ ಎಂದು ಒಳಗೆ ನಡೆಯುತ್ತಾರೆ. ತುಪ್ಪದ ಎದುರಿಗೇ ಹಪ್ಪಳ ಇರುತ್ತದೆ. ಹಪ್ಪಳದಲ್ಲಿ ಉದ್ದಿನದು ಬೇಕೋ ಅಕ್ಕಿಯದು ಬೇಕೋ ಎಂದು ಮನೆಗೆ ಫೋನಾಗುತ್ತದೆ. ಇತ್ತ ಹತ್ತು ಜನ ಅವರ ಅರ್ಧ ಬಿಲ್ಲನ್ನು ಕಾಯುತ್ತ ನಿಂತಿರುತ್ತೇವೆ. ನೋಟನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆಯುವವರಿದ್ದಾರೆ. ಹಣ ಹೋಗಿದೆ ನೋಡು ಎಂದು ಮೊಬೈಲನ್ನು ಆ ಹುಡುಗಿಯ ಮೂಗಿಗೆ ಹಿಡಿಯುವವರಿದ್ದಾರೆ. ಹಿಂದಿನಿಂದ ಟ್ರಾಲಿ ತಂದು ನಮ್ಮ ಹಿಮ್ಮಡಿಗೆ ಗುದ್ದಿ, ತಿರುಗಿ ನೋಡಿದರೆ ಆ ಟ್ರಾಲಿ ಯಾರದೋ ಎಂಬಂತೆ ತಾವೂ ಅದನ್ನು ನೋಡುವವರಿದ್ದಾರೆ.

ಆ ಹುಡುಗಿಗೆ ಒಂದು ಹೆಸರಿದೆ. ಅಂಗಿಯ ಮೇಲೆ ಚುಚ್ಚಿಕೊಂಡಿದ್ದಾಳೆ, ಶ್ವೇತ. ಎಷ್ಟು ಜನ ಅದನ್ನು ಓದಿದ್ದಾರೆ? ನಾನು ಓದಿದ್ದೇನೆ. ಓದಿದ್ದೇನೆಂದು ಅವಳಿಗೂ ಹಿಂದಿನವರಿಗೂ ತಿಳಿಯುವಂತೆ ಗಟ್ಟಿಯಾಗಿ ಹೆಸರು ಹಿಡಿದು ಮಾತಾಡಿಸುತ್ತೇನೆ. ಅವಳಿಗೆ ಅದರಿಂದ ವಿಶೇಷ ಸಂತೋಷವಾದಂತೆ ಇದುವರೆಗೆ ಕಂಡಿಲ್ಲ.

ಇಂಥವರನ್ನು ನೋಡಿದಾಗ ನನ್ನ ಮನಸ್ಸು ನೇರವಾಗಿ ಹೋಗಿ ನಿಲ್ಲುವುದು ಬಣಕಲ್ಲಿನ ರುದ್ರಪ್ಪನವರ ಅಂಗಡಿಯ ಮುಂದೆ. ಐವತ್ತು ವರ್ಷದ ಹಿಂದಿನ ಮಾತು. ಅಪ್ಪ ಬಣಕಲ್ಲಿನಿಂದ ಒಳಗಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು ಅವರ ಕೆಲಸ, ಆ ಹಾಜರಿಯ ಮೇಲೆಯೇ ಕೂಲಿ. ಭಾನುವಾರ ತೋಟಕ್ಕೆ ರಜೆ. ಆಳುಗಳಿದ್ದ ಲೈನ್ ಮನೆಗಳ ಹೆಂಗಸರೆಲ್ಲ ಆ ದಿನ ಸಾಮಾನಿಗೆ ಬಣಕಲ್ಲಿಗೆ ಬರುತ್ತಿದ್ದರು. ರುದ್ರಪ್ಪನವರು ಹಣೆತುಂಬ ವಿಭೂತಿ ಹಚ್ಚಿ ತಕ್ಕಡಿಯ ಹಿಂದೆ ಕೂರುತ್ತಿದ್ದರು. ತೂಗುವವರು ಅವರೊಬ್ಬರೇ, ಕೊಳ್ಳುವವರು ಮೂವತ್ತು ನಲವತ್ತು ಜನ. ಸಾಲಿನಲ್ಲಿ ನಿಂತರೆ ಅರ್ಧ ದಿನ ಅಲ್ಲೇ ಮುಗಿಯಬೇಕು. ಆದ್ದರಿಂದ ಅವರು ತಾವು ನಿಲ್ಲದೆ ಚೀಲಗಳನ್ನು ನಿಲ್ಲಿಸುತ್ತಿದ್ದರು.

ಅಂಗಡಿಯ ಕಟ್ಟೆಯಿಂದ ಹಿಡಿದು ಗೋಡೆಯುದ್ದಕ್ಕೂ ಚೀಲಗಳ ಸಾಲು. ಬಂದವರು ತಮ್ಮ ಚೀಲವನ್ನು ಕೊನೆಯಲ್ಲಿಟ್ಟು ಹಿಟ್ಟಿನ ಗಿರಣಿಗೋ ದರ್ಜಿಯ ಹತ್ತಿರಕ್ಕೋ ಟೀ ಅಂಗಡಿಗೋ ಹೋಗುತ್ತಿದ್ದರು. ಸರದಿ ಬಂದ ಚೀಲವನ್ನು ರುದ್ರಪ್ಪನವರು ಎತ್ತಿ ಹಿಡಿದು, ನೀಲಿ ತೇಪೆಯದು ಯಾರದು ಎಂದು ಕೂಗಿದರೆ ನೀಲಿ ತೇಪೆಯ ಒಡತಿ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಹನಿ ಬಿದ್ದರೆ ಆ ಹೊತ್ತಿಗೆ ಅಲ್ಲಿದ್ದವರು ಯಾರಾದರೂ ಸರಿ, ಅಷ್ಟೂ ಚೀಲಗಳನ್ನು ಅದೇ ಕ್ರಮದಲ್ಲಿ ಸೂರಿನಡಿಗೆ ಸಾಗಿಸುತ್ತಿದ್ದರು. ಹಿಂದಿನದು ಮುಂದೆ ಬಂದದ್ದಿಲ್ಲ. ಚೀಲವನ್ನು ದಾಟುವಂತಿಲ್ಲ, ಕಾಲು ತಾಗಿಸುವಂತಿಲ್ಲ. ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದುದನ್ನು ನೋಡಿದ್ದೇನೆ, ಅಥವಾ ನೋಡಿದ್ದೇನೆಂದು ಈಗ ನನಗೆ ಅನ್ನಿಸುತ್ತದೆ.

ಇನ್ನೊಂದು ಹೇಳಬೇಕು. ಅಂಗಡಿಯ ಕಟ್ಟೆ ಎತ್ತರ. ನನಗೆ ಆಗ ಹತ್ತು ವರ್ಷ, ಗಿಡ್ಡಿ. ಮಕ್ಕಳು ಹತ್ತಿ ನಿಲ್ಲಲೆಂದೇ ರುದ್ರಪ್ಪನವರು ಕಟ್ಟೆಯ ಬುಡದಲ್ಲಿ ಒಂದು ಮೆಟ್ಟಿಲು ಇಟ್ಟಿದ್ದರು. ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು. ಆ ಮೆತ್ತನೆ ಈಗಲೂ ಪಾದಕ್ಕೆ ನೆನಪಿದೆ. ಅದರ ಮೇಲೆ ನಿಂತು ಅಪ್ಪ ಬರೆದುಕೊಟ್ಟ ಚೀಟಿ ಚಾಚಿದರೆ, ರೈಟರ ಮನೆಯದಾ, ಬಾರಮ್ಮ ಎಂದು ಅವರು ಸಾಮಾನು ಕಟ್ಟಿ, ಕೊನೆಗೆ ಒಂದು ಚೂರು ಬೆಲ್ಲ ಅಂಗೈಗಿಡುತ್ತಿದ್ದರು. ಸಣ್ಣ ಮಕ್ಕಳೂ ಗಿರಾಕಿಗಳೇ ಎಂದು ತಿಳಿದ ಒಬ್ಬ ವ್ಯಾಪಾರಿ ಇದ್ದ ಎಂದು ಈ ಮೆಟ್ಟಿಲಿನ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆದೂ ಇದ್ದೇನೆ.

ಈಗ ಬಿಲ್ಲಿನ ದಿನಕ್ಕೆ ಬರುತ್ತೇನೆ. ಒಂದು ಶುಕ್ರವಾರ. ಮಾರ್ಟಿನಲ್ಲಿ ಮೂರು ಬಿಲ್ಲಿಂಗ್ ಕೌಂಟರುಗಳಿವೆ, ತೆರೆದಿರುವುದು ಎಂದಿನಂತೆ ಒಂದು. ರಸ್ಕು, ಸೋಪು ಹಿಡಿದು ಹೋದರೆ ನನ್ನ ಮುಂದೆ, ನೆಲದ ಮೇಲೆ, ಒಂದು ಬಟ್ಟೆ ಚೀಲ. ಹಳೆಯ ಸೀರೆಯಿಂದ ಕೈಯಲ್ಲಿ ಹೊಲಿದದ್ದು. ಒಳಗೆ ಎಣ್ಣೆ ಪ್ಯಾಕೆಟ್ಟು, ಬೇಳೆ, ಸಕ್ಕರೆ. ಪಕ್ಕದಲ್ಲಿ ಯಾರೂ ಇಲ್ಲ. ಬಾಗಿಲಲ್ಲಿ ಕೂತಿದ್ದ ಕಾವಲಿನವನನ್ನು ಕೇಳಿದೆ. ಒಬ್ಬ ಅಜ್ಜಿ ಚೀಲವಿಟ್ಟು, ಎದುರಿನ ನಿಲ್ದಾಣಕ್ಕೆ ಬಸ್ಸು ಬಂತೇ ಎಂದು ನೋಡಲು ಹೋಗಿದ್ದಾರೆ ಎಂದ.

ಐವತ್ತು ವರ್ಷದ ಮೇಲೆ, ಬಾರ್‌ಕೋಡಿನ ಕೆಂಪು ಬೆಳಕಿನ ಎದುರು, ಬಣಕಲ್ಲಿನ ಚೀಲ. ಮನುಷ್ಯರ ಹಿಂದೆ ನಿಲ್ಲುವಷ್ಟೇ ಅಂತರ ಬಿಟ್ಟು ಅದರ ಹಿಂದೆ ನಿಂತೆ.

ಆಗ ಅವನು ಬಂದ. ನಲವತ್ತರ ಆಸುಪಾಸು, ಕೆಂಪು ಟೀ ಶರ್ಟು, ಯಾವುದೋ ಹೋಂಸ್ಟೇ ನಡೆಸುವವನೆಂದು ಟ್ರಾಲಿಯಲ್ಲಿದ್ದ ನೀರಿನ ಬಾಟಲಿಗಳ ಕಟ್ಟು, ಚಿಪ್ಸಿನ ರಾಶಿ ಹೇಳುತ್ತಿದ್ದವು. ಫೋನಿನಲ್ಲಿ ಮಾತಾಡುತ್ತಲೇ ಪಕ್ಕದಿಂದ ನುಸುಳಿ, ಬೂಟಿನ ಅಂಚಿನಿಂದ ಆ ಚೀಲವನ್ನು ಚಾಕೊಲೇಟಿನ ಕಪಾಟಿನ ಕಡೆಗೆ ತಳ್ಳಿ, ಅದರ ಜಾಗದಲ್ಲಿ ನಿಂತ.

ಅದು ಸಾಲಿನಲ್ಲಿದೆ ಎಂದೆ. ಯಾವುದು ಎಂದ. ಚೀಲ ಎಂದೆ. ಅವನು ಫೋನನ್ನು ಕಿವಿಯಿಂದ ತೆಗೆದು ಚೀಲವನ್ನೂ ನನ್ನನ್ನೂ ನೋಡಿದ.

“ಚೀಲನಾ? ಅವ್ರು ಬರ್ಲಿ ಮೇಡಂ, ಬಂದಾಗ ನೋಡಣ. ಗೆಸ್ಟ್ ಕಾಯ್ತಿದಾರೆ. ನಂದೇನ್ ಮೂರು ನಿಮಿಷ.”

ಆ ಮೂರು ನಿಮಿಷವನ್ನು ನೆನಪಿಡಿ.

ನನ್ನ ಗಂಟಲು ನಲವತ್ತೈದು ನಿಮಿಷದ ಪೀರಿಯಡ್ಡಿಗೆ ಪಳಗಿದ್ದು. ಶುರುವಾಯಿತು. ಚೀಲ ಎಂದರೆ ಏನೆಂದು ತಿಳಿದಿದ್ದೀಯಪ್ಪ ಎಂದು ಆರಂಭಿಸಿ, ಬಣಕಲ್ಲಿಗೆ ಹೋಗಿ, ಗೋಡೆಯುದ್ದದ ಸಾಲು, ಹನಿ ಬಿದ್ದಾಗಿನ ಸಾಗಾಟ, ನೀಲಿ ತೇಪೆ, ರುದ್ರಪ್ಪನವರ ವಿಭೂತಿ, ಯಾವುದನ್ನೂ ಬಿಡಲಿಲ್ಲ. ಅವನು ನಡುವೆ, ಮೇಡಂ, ಈಗ ಬಣಕಲ್ ಯಾಕೆ ಎಂದು ಒಮ್ಮೆ ಕೇಳಿದ. ಆ ಪ್ರಶ್ನೆ ನನ್ನ ಸಿಟ್ಟಿಗೆ ಇನ್ನಷ್ಟು ಸೀಮೆ ಎಣ್ಣೆ ಸುರಿಯಿತು. ಹಿಂದಿನಿಂದ ಯಾರೋ ಸರಿಯಾಗಿ ಹೇಳಿದಿರಿ ಎಂದರು. ಮೆಟ್ಟಿಲಿನ ಕಥೆಯನ್ನೂ ಹೇಳಿದೆ. ಶ್ವೇತ ಸ್ಕ್ಯಾನರನ್ನು ಗಾಳಿಯಲ್ಲಿ ಹಿಡಿದುಕೊಂಡೇ ಯಾರ ಬಿಲ್ ಮಾಡಲಿ ಎಂದು ಎರಡು ಸಲ ಕೇಳಿದಳು. ಚೀಲದವರು ಬರುವವರೆಗೆ ಯಾರದ್ದೂ ಮಾಡಕೂಡದು ಎಂದು ನಾನು ಕೈ ಅಡ್ಡ ಹಿಡಿದೆ.

ಚೀಲದವರು ಬಂದದ್ದು ಯಾವಾಗ ಎಂದು ನನಗೆ ಖಚಿತವಿಲ್ಲ. ಒಂದು ಹೊತ್ತಿನಲ್ಲಿ ನನ್ನ ಮೊಣಕೈ ಹತ್ತಿರ, ಎಪ್ಪತ್ತರ ಹತ್ತಿರದ, ಒಣಗಿದ ಕಡ್ಡಿಯಂಥ ಹೆಂಗಸೊಬ್ಬರು ನಿಂತಿದ್ದರು. ಬಸ್ ನಿಂತಿದೆ, ಒಂಚೂರು ಬೇಗ ಬಿಲ್ ಮಾಡ್ಬಿಡಿ ಎಂದು ಅವರು ಹೇಳಿದರು. ಹೇಳಿದ್ದು ಕೇಳಿಸಿತು. ಕೇಳಿಸಿಯೂ ನಾನು, “ಇರಿ, ಇದು ತತ್ವದ ಪ್ರಶ್ನೆ” ಎಂದೆ. ಹೊರಗೆ ಬಸ್ಸಿನ ಹಾರನ್ ಉದ್ದಕ್ಕೆ ಬಡಿದುಕೊಂಡಿತು. ಅದೂ ಕೇಳಿಸಿತು. ಅದಕ್ಕಿಂತ ಮೇಲಿರಲೆಂದು ದನಿ ಏರಿಸಿದೆ.

ಕೊನೆಗೆ ಅವನು ಸೋತು, ಟ್ರಾಲಿ ತಿರುಗಿಸಿ ಸಾಲಿನ ತುದಿಗೆ ಹೋದ. ನಾನೇ ಬಗ್ಗಿ ಚೀಲವನ್ನೆತ್ತಿ, ಧೂಳು ಕೊಡವಿ, ಮೇಜಿನ ಮೇಲಿಟ್ಟೆ. ಎಷ್ಟು ಹೆಮ್ಮೆಯಿಂದ ಇಟ್ಟೆನೆಂದರೆ ಎಣ್ಣೆ ಪ್ಯಾಕೆಟ್ಟು ಉರುಳಿ ಬಿತ್ತು. ಅವರದಾದ ಮೇಲೆ ನನ್ನ ಬಿಲ್. ನಾಲ್ಕು ಇಪ್ಪತ್ತೊಂಬತ್ತು.

ಹೊರಗೆ ಬಂದರೆ ನಿಲ್ದಾಣ ಖಾಲಿ. ಅದು ನಾಲ್ಕೂಕಾಲರ ಬಸ್ಸು. ಈ ಅಜ್ಜಿ ಕೇಳಿಕೊಂಡಿದ್ದರೆಂದು ಡ್ರೈವರ್ ಹತ್ತು ನಿಮಿಷ ಕಾದು, ಹಾರನ್ ಹೊಡೆದು ಹೋಗಿದ್ದ. ಅವರು ಬೈಯಲಿಲ್ಲ. ಕಟ್ಟೆಯ ಮೇಲೆ ಚೀಲವಿಟ್ಟು ಪಕ್ಕದಲ್ಲಿ ಕುಳಿತರು.

“ಅವ್ನಿಗೆ ಬಿಟ್ಟಿದ್ರೆ ಮೂರೇ ನಿಮಿಷ ಆಗ್ತಿತ್ತು” ಎಂದರು. “ನಿಮ್ದು ಕಾಲು ಗಂಟೆ ಆಯ್ತಲ್ಲ.”

ಮುಂದಿನ ಬಸ್ಸು ಆರೂವರೆಗೆ. ಅವರಿರುವ ಎಸ್ಟೇಟಿನ ಗೇಟಿನವರೆಗೆ ಹೋಗುವುದು ಇನ್ನು ಆ ಬಸ್ಸೊಂದೇ, ಗೇಟಿನಿಂದ ಲೈನ್ ಮನೆಗೆ ಒಂದು ಮೈಲಿ ನಡಿಗೆ. ಹದಿನೈದು ದಿನದಿಂದ ಆ ದಾರಿಯಲ್ಲಿ ಒಂದು ಒಂಟಿ ಆನೆ ಓಡಾಡುತ್ತಿದೆಯಂತೆ. ಹೋದ ವಾರ ಮೇಸ್ತ್ರಿಯ ಬೈಕನ್ನು ಮೆಟ್ಟಿ ಮುದ್ದೆ ಮಾಡಿದೆ, ಮೇಸ್ತ್ರಿ ಕಾಫಿ ಗಿಡದ ಬುಡದಲ್ಲಿ ಬೋರಲು ಬಿದ್ದು ಉಳಿದುಕೊಂಡ. ಕತ್ತಲಾದ ಮೇಲೆ ಯಾರೂ ಆ ಕಡೆ ನಡೆಯುವುದಿಲ್ಲ. ತಮ್ಮ ಬಗ್ಗೆ ಅವರಿಗೆ ಹೆದರಿಕೆ ಇರಲಿಲ್ಲ. ಮೊಮ್ಮಗಳು ಐದು ಗಂಟೆಗೆ ಶಾಲೆಯಿಂದ ಮನೆಗೆ ಬರುತ್ತಾಳೆ. ಅಜ್ಜಿ ಕಾಣದಿದ್ದರೆ ಹುಡುಕಿಕೊಂಡು ಗೇಟಿನ ತನಕ ಒಬ್ಬಳೇ ನಡೆದು ಬರುವ ಅಭ್ಯಾಸ ಅವಳಿಗೆ. ಫೋನ್ ಮಾಡಿ ಎಂದೆ. ಸೊಂಟದಿಂದ ಒಂದು ಸಣ್ಣ ಫೋನು ತೆಗೆದು ತೋರಿಸಿದರು. ಮನೆಗೆಲ್ಲ ಇರುವುದು ಅದೊಂದೇ.

ಆಟೋ ಹುಡುಕಿದೆ. ಎಸ್ಟೇಟಿನ ಹೆಸರು ಕೇಳಿದ ಕೂಡಲೇ ಇಬ್ಬರು ಆಗದೆಂದು ತಲೆಯಾಡಿಸಿದರು. ಮೂರನೆಯವನು ಆನೆ ಎಲ್ಲಿದೆ ಎಂದು ತಿಳಿಸುವ ಗುಂಪಿನ ಸಂದೇಶಗಳನ್ನು ಮೊಬೈಲಿನಲ್ಲಿ ಓದಿ, ಮಧ್ಯಾಹ್ನ ಹಳ್ಳದ ಆಚೆ ಇತ್ತು, ಬೆಳಕಿರುವಾಗಲೇ ವಾಪಸು ಬರುವುದಾದರೆ ಆಯಿತು ಎಂದ. ಹತ್ತಿದೆವು.

ಬಣಕಲ್ ಬರುವವರೆಗೆ ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ನೀವು ರೈಟರ ಮಗಳಲ್ಲವೇ ಎಂದು ಕೇಳಿದರು. ರುದ್ರಪ್ಪನವರ ಹೆಸರೆತ್ತಿದಾಗಲೇ ಗುರುತು ಹತ್ತಿತಂತೆ. ತಮ್ಮ ಹೆಸರು ಹೂವಮ್ಮ ಎಂದರು. ಹೆಸರಿನೊಂದಿಗೆ ನನಗೆ ಮುಖವೇನೂ ನೆನಪಾಗಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವರನ್ನು ಆಗ ನಾನು ಹೂವಮ್ಮ, ನೀನು, ತಾ ಎಂದೇ ಮಾತಾಡಿಸಿರಬೇಕು ಎಂಬುದು ಮಾತ್ರ ಹೊಳೆಯಿತು.

ಆದರೂ ನನಗೆ ಸಂತೋಷವೇ ಆಯಿತು. ಸಾಕ್ಷಿ ಸಿಕ್ಕಿತಲ್ಲ. ನೀವೇ ಹೇಳಿ, ಆ ಕಾಲದಲ್ಲಿ ಯಾರಾದರೂ ಇನ್ನೊಬ್ಬರ ಚೀಲ ಮುಟ್ಟುತ್ತಿದ್ದರೇ ಎಂದು ಕೇಳಿದೆ.

ಹೂವಮ್ಮ ಎಲೆಯಡಿಕೆಯನ್ನು ದವಡೆಯ ಒಂದು ಬದಿಗೆ ಸರಿಸಿಕೊಂಡರು. “ಯಾರೂ ಮುಟ್ತಿರ್ಲಿಲ್ಲ. ನೀವೊಬ್ರನ್ನ ಬಿಟ್ಟು.”

ನಾನು ನಕ್ಕೆ. ಅವರೂ ನಗುತ್ತಲೇ ಮುಂದುವರಿಸಿದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗಿರಣಿಯಲ್ಲಿ ಅಕ್ಕಿ ಬೀಸಿಸಿ, ಆ ಹಿಟ್ಟಿನ ಚೀಲವನ್ನೇ ಅವರು ಸಾಲಿನ ಮೊದಲಿಗೆ, ಕಟ್ಟೆಯ ಬುಡಕ್ಕೆ ಇಡುತ್ತಿದ್ದರಂತೆ. ಸ್ವಲ್ಪ ಹೊತ್ತಿಗೆ ನಾನು ಚೀಟಿ ಹಿಡಿದು ಬರುತ್ತಿದ್ದೆ. ಕಟ್ಟೆ ಎಟುಕುತ್ತಿರಲಿಲ್ಲ. ಚಪ್ಪಲಿ ಹಾಕಿಕೊಂಡೇ ಹಿಟ್ಟಿನ ಚೀಲದ ಮೇಲೆ ಹತ್ತಿ ನಿಂತು, ಅಷ್ಟೂ ಚೀಲಗಳ ಮುಂದೆ ಚೀಟಿ ಚಾಚುತ್ತಿದ್ದೆ. ರುದ್ರಪ್ಪನವರು ತೂಗುತ್ತಿದ್ದುದನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಸಾಮಾನು ಕಟ್ಟುತ್ತಿದ್ದರು.

“ಅವ್ನು ಪಾಪ, ಕಾಲಲ್ಲಿ ಸರ್ಸಿದ. ನೀವು ಹತ್ತಿ ನಿಂತಿದ್ರಿ.”

ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಕೇಳಬಾರದ ಪ್ರಶ್ನೆ ಕೇಳಿದೆ. ಯಾರಾದರೂ ಒಂದು ಮಾತು ಹೇಳಬಹುದಿತ್ತಲ್ಲ, ಸಣ್ಣ ಹುಡುಗಿ, ಇಳಿ ಎಂದರೆ ಇಳಿಯುತ್ತಿದ್ದೆನಲ್ಲ ಎಂದೆ.

“ರೈಟ್ರ ಮಗಳಿಗೆ ಎಂತ ಹೇಳದು ಮಾರಾಯ್ರೆ. ಹಾಜ್ರಿ ಪುಸ್ತಕ ಯಾರ ಕೈಲಿತ್ತು?”

ಅವರು ದನಿ ಏರಿಸಲಿಲ್ಲ. ನನಗೆ ಸಮಾಧಾನವಾಗಲೆಂದೋ ಏನೋ, ಇನ್ನಷ್ಟು ಹೇಳಿದರು. ಎರಡು ಮೂರು ವಾರ ಹೀಗೆ ಹಿಟ್ಟಿಗೆ ಮಣ್ಣಾದ ಮೇಲೆ ಹೆಂಗಸರೆಲ್ಲ ಸೇರಿ ಒಂದು ಉಪಾಯ ಮಾಡಿದರಂತೆ. ಒಂದು ಹಳೆಯ ಗೋಣಿಗೆ ಕಾಫಿ ಸಿಪ್ಪೆ ತುಂಬಿ, ಬಾಯಿ ಹೊಲಿದು, ಪ್ರತಿ ಭಾನುವಾರ ಎಲ್ಲರಿಗಿಂತ ಮುಂದೆ ಅದನ್ನಿಡುತ್ತಿದ್ದರು. ಅದಕ್ಕೆ ಸಣ್ಣಮ್ಮನ ಚೀಲ ಎಂದು ಹೆಸರು. ಸಣ್ಣಮ್ಮ ಎಂದರೆ ನಾನು. ಬಸ್ಸಿಲ್ಲದ ಕಾಲ, ಮೂರು ಮೈಲಿ ಅದನ್ನು ಸರದಿಯ ಮೇಲೆ ಹೊತ್ತು ತರುತ್ತಿದ್ದರಂತೆ.

ನನ್ನ ಮೆಟ್ಟಿಲು.

ಆಟೋ ಗೇಟಿನ ಹತ್ತಿರ ಬಂದಾಗ ಐದೂವರೆ ಆಗಿತ್ತು. ಗೇಟಿನ ಕಂಬಕ್ಕೆ ಒರಗಿ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಳು. ಹೂವಮ್ಮ ಅವಳನ್ನು ರೆಟ್ಟೆ ಹಿಡಿದು ಒಳಗೆಳೆದು ಕೂರಿಸಿಕೊಂಡರು. ಬರಬೇಡ ಎಂದು ಎಷ್ಟು ಸಲ ಹೇಳಿದ್ದೇನೆ ಎಂದು ಬೈದರು. ಕಾಲು ಗಂಟೆಯ ಸಿಟ್ಟೆಲ್ಲ ಆ ಮಗುವಿನ ಮೇಲೆ ಹೋಯಿತು. ಅದು ಯಾರ ಮೇಲೆ ಹೋಗಬೇಕಿತ್ತೋ ಅವಳು ಪಕ್ಕದಲ್ಲೇ ರಸ್ಕಿನ ಪೊಟ್ಟಣ ಹಿಡಿದು ಕೂತಿದ್ದಳು. ಒಳದಾರಿಯ ನಡುವೆ ಹಸಿ ಲದ್ದಿ ಬಿದ್ದಿತ್ತು. ಆಟೋದವನು ಅದನ್ನು ಬಳಸಿಕೊಂಡು ಜೋರಾಗಿ ಓಡಿಸಿದ.

ಲೈನ್ ಮನೆಯ ಮುಂದೆ ಇಳಿಯುವಾಗ ತಪ್ಪಾಯಿತು ಎಂದೆ.

“ಇವತ್ತಿಂದಕ್ಕೋ, ಆವತ್ತಿಂದಕ್ಕೋ?” ಎಂದರು ಹೂವಮ್ಮ. ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. “ಇವತ್ತಿಂದಕ್ಕೆ ಆಟೋ ಆಯ್ತು, ಬಿಡಿ.”

ವಾಪಸು ಬರುವ ದಾರಿಯುದ್ದಕ್ಕೂ ನನಗೆ ಸಿಟ್ಟು. ಮೊದಲು ಬಂದದ್ದು, ನಾಚಿಕೆ ಬಿಟ್ಟು ಹೇಳುತ್ತೇನೆ, ಹೂವಮ್ಮನ ಮೇಲೆ. ಐವತ್ತು ವರ್ಷ ಜೋಪಾನ ಮಾಡಿದ ಮೆಟ್ಟಿಲನ್ನು ಒಂದು ಆಟೋ ಪ್ರಯಾಣದಲ್ಲಿ ಕಿತ್ತುಕೊಂಡರಲ್ಲ ಎಂದು. ಆಮೇಲೆ ರುದ್ರಪ್ಪನವರ ಮೇಲೆ, ಅವರ ಬೆಲ್ಲದ ಮೇಲೆ. ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದ, ಜೀವನದಲ್ಲಿ ಯಾರಿಗೂ ಗದರಿದ್ದು ಕಾಣದ ಅಪ್ಪನ ಮೇಲೆ. ಗದರುವ ಅಗತ್ಯವೇ ಅವರಿಗೆ ಬೀಳಲಿಲ್ಲ ಎಂದು ಈಗ ಹೊಳೆಯಿತು. ಕೆಂಪು ಟೀ ಶರ್ಟಿನವನ ಮೇಲಿನ ಸಿಟ್ಟೂ ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. ನಾನು ಹತ್ತಿ ನಿಂತಿದ್ದೆ ಎಂಬುದರಿಂದ ಅವನು ಕಾಲಲ್ಲಿ ತಳ್ಳಿದ್ದು ಸರಿಯಾಗುವುದಿಲ್ಲ. ಆದರೆ ಅವನಿಗೆ ಅದನ್ನು ಹೇಳುವ ಗಂಟಲು ನನ್ನದಾಗಿರಬಾರದಿತ್ತು. ಶ್ವೇತಳದ್ದಾಗಿದ್ದರೆ ಸರಿಯಿತ್ತು. ಅವಳಿಗೆ ನಾನು ಮಾತಾಡಲು ಬಿಡಲಿಲ್ಲ.

ಮರುದಿನ ಬೆಳಗಿನ ಹೊತ್ತಿಗೆ ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. ಹೂವಮ್ಮನದೂ ನೆನಪೇ ತಾನೆ? ಅವರ ಹತ್ತಿರ ಕಾಗದ ಎಲ್ಲಿದೆ? ಐವತ್ತು ವರ್ಷದ ಹಿಂದಿನ ಚಪ್ಪಲಿ, ಹಿಟ್ಟು, ಸಿಪ್ಪೆ ಎಲ್ಲವೂ ಅಷ್ಟು ಕರಾರುವಾಕ್ಕಾಗಿ ಉಳಿದಿರಲು ಸಾಧ್ಯವೇ? ಅನುಮಾನದಿಂದ ನನಗೆ ಎಷ್ಟು ಹಾಯೆನಿಸಿತೆಂದರೆ ಎರಡನೆಯ ಲೋಟ ಕಾಫಿ ಮಾಡಿಕೊಂಡೆ.

ಕಾಗದ ಇದ್ದದ್ದು ನನ್ನ ಹತ್ತಿರವೇ. ಅಕ್ಷರ ದುಂಡಗಾಗಲೆಂದು ಅಪ್ಪ ನನ್ನಿಂದ ದಿನಕ್ಕೆ ಮೂರು ಸಾಲು ಬರೆಸುತ್ತಿದ್ದರು. ಹಳೆಯ ಹಾಜರಿ ಪುಸ್ತಕಗಳ ಹಿಂದೆ ಉಳಿದ ಖಾಲಿ ಹಾಳೆಗಳೇ ನನ್ನ ಮೊದಲ ಡೈರಿ. ಅಟ್ಟದ ಟ್ರಂಕಿನಿಂದ ಅದನ್ನು ಇಳಿಸಿ ಕೂತೆ. ಮೆಟ್ಟಿಲಿನ ಸುದ್ದಿ ಎಲ್ಲೂ ಇಲ್ಲ. ಚೀಲಗಳ ಸುದ್ದಿಯೂ ಇಲ್ಲ. ಹಾಳೆಯ ಮೇಲೆ ಹಾಳೆ ಮಗುಚಿದ ಮೇಲೆ ಒಂದು ಭಾನುವಾರ ಸಿಕ್ಕಿತು, ಲೈನ್ ಮನೆಗಳವರೆಲ್ಲ ಸಾಮಾನಿಗೆ ಬರುವ ದಿನ. ನೀಲಿ ಶಾಯಿ, ನನ್ನದೇ ಗುಂಡು ಅಕ್ಷರ.

“ಇವತ್ತು ರುದ್ರಪ್ಪನವರ ಅಂಗಡಿಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಬೇಗ ಮನೆಗೆ ಬಂದೆ.”

ಪಕ್ಕದಲ್ಲಿ ಅಪ್ಪನ ಕೆಂಪು ಶಾಯಿ. ಮೂರೂ ಸಾಲು ಓದಿ, ಅಂಗಡಿ ಎಂಬಲ್ಲಿ ನಾನು ಬಿಟ್ಟಿದ್ದ ಸೊನ್ನೆಯೊಂದನ್ನು ಸೇರಿಸಿದ್ದಾರೆ. ಉಳಿದದ್ದಕ್ಕೆಲ್ಲ ಸರಿ ಎಂದು ಗುರುತು ಹಾಕಿದ್ದಾರೆ.